ಟೋಪಿಯ ಮೇಲಿದ್ದ ಒಂಟಿಗೈ ಗೊಂಬೆ

ಇದನ್ನು ಅರ್ಧಕ್ಕೆ ಬಿಟ್ಟು ಏಳಬೇಡಿ, ಪೂರ್ತಿ ಕೇಳಿ. ಒಲೆಯ ಮೇಲೆ ಹಾಲಿದ್ದರೆ ಇಳಿಸಿಟ್ಟು ಬನ್ನಿ. ಯಾಕೆಂದರೆ ವೀಬ್ಕೆ ತಾಮ್ಮೆನ್ ಈಗ ಒಂದು ಕುರ್ಚಿ ಹತ್ತಿ ನಿಂತಿದ್ದಾಳೆ, ಆ ಕುರ್ಚಿಯ ಒಂದು ಕಾಲು ಅಲ್ಲಾಡುತ್ತಿದೆ, ಅವಳ ಮೂಗಿನ ನೇರಕ್ಕೆ ಟೋಪಿಗಳ ಸಾಲೊಂದು ಧೂಳು ಹೊದ್ದು ಕೂತಿದೆ.

ಜರ್ಮನಿಯ ಗೋಟಿಂಗೆನ್ ಊರಿನ ಆ ಸಂಶೋಧನಾಲಯದ ಕಾಫಿ ಕೋಣೆಯಲ್ಲಿ, ಕಪಾಟಿನ ನೆತ್ತಿಯ ಮೇಲೆ, ಅಲ್ಲಿಂದ ಡಾಕ್ಟರೇಟ್ ಪಡೆದು ಹೋದವರ ಟೋಪಿಗಳಿವೆ. ಅಂಗಡಿಯಲ್ಲಿ ಕೊಂಡವಲ್ಲ. ಪರೀಕ್ಷೆಗೆ ಮುಂಚೆ ಜೊತೆಗಾರರೆಲ್ಲ ಕದ್ದು ಕೂತು, ಕಪ್ಪು ರಟ್ಟು ಕತ್ತರಿಸಿ, ಅಂಟು ಮೆತ್ತಿ, ಆ ವ್ಯಕ್ತಿ ಇಷ್ಟು ವರ್ಷ ಏನು ಕಡಿದು ಗುಡ್ಡೆ ಹಾಕಿದ್ದು ಎನ್ನುವುದನ್ನು ಆಟಿಕೆಗಳಲ್ಲಿ ಕಟ್ಟಿ ತಲೆಗೇರಿಸುವ ಟೋಪಿಗಳು. ಒಂದರ ಮೇಲೆ ಹಲ್ಲುಜ್ಜುವ ಬ್ರಷ್ಷುಗಳ ಕಾಡು. ಇನ್ನೊಂದರ ಮೇಲೆ ರಬ್ಬರ್ ಇಲಿ, ಅದರ ಕಣ್ಣಿಗೆ ಕಪ್ಪು ಕನ್ನಡಕ.

"ಬಿದ್ದು ಸೊಂಟ ಮುರ್ಕೊಂಡ್ರೆ ನಮ್ಮ ವಿಮೆಯಿಂದ ಏನೂ ಹುಟ್ಟಲ್ಲ ಕಣ್ರೀ," ಬಾಗಿಲಿನಿಂದ ದನಿ ಬಂತು.

ಟೀಲೊ ಬ್ರಾಂಡೆಸ್. ಪ್ರಯೋಗಾಲಯದ ಯಂತ್ರಗಳ ಉಸ್ತುವಾರಿ ಅವನದು. ಅದಕ್ಕಿಂತ ಮುಖ್ಯವಾಗಿ, ಇಲ್ಲಿನ ಟೋಪಿಗಳೆಲ್ಲ ಅವನ ಕೈಚಳಕ. ಸುಳ್ಳು ಹೇಳಿದರೆ ಕಿವಿ ಕೆಂಪಾಗುವ ಜಾತಿಯ ಮನುಷ್ಯ.

"ಮೊದಲೇ ಹೇಳಿಬಿಡ್ತೀನಿ ಹೆರ್ ಬ್ರಾಂಡೆಸ್," ಎಂದಳು ವೀಬ್ಕೆ, ಕುರ್ಚಿಯಿಂದ ಇಳಿಯದೆ. "ನಾನು ಎದುರು ಪಾರ್ಟಿಯವಳು."

"ಗೊತ್ತಲ್ಲ! ಪ್ರೊಫೆಸರ್ ಎಲ್ಲರಿಗೂ ಈಮೇಲ್ ಹಾಕಿದಾರೆ. ಫ್ರೌ ತಾಮ್ಮೆನ್ ಅಂತ ಒಬ್ರು ಬರ್ತಾರೆ, ಯಾರೂ ಬಾಯಿ ಬಿಡ್ಬೇಡಿ ಅಂತ." ಟೀಲೊ ಬಟ್ಟಲು ತೊಳೆಯತೊಡಗಿದ. "ಕಾಫಿಗೆ ಹಾಲು ಹಾಕ್ಲಾ?"

ಕಳೆದ ವಾರದವರೆಗಿನ ಕತೆ ಇಷ್ಟೇ: ಪ್ರೊಫೆಸರ್ ಗೆರ್ನೋಟ್ ಲಾಸ್ಕಿಯ ಪುಟ್ಟ ಕಂಪನಿಯ ಕೈಯಲ್ಲಿ ಒಂದು ಪೇಟೆಂಟ್ ಇದೆ, ಅದನ್ನು ಮಂಗಳವಾರ ಮ್ಯೂನಿಕ್‌ನ ಪೇಟೆಂಟ್ ಕಚೇರಿಯ ವಿಚಾರಣೆಯಲ್ಲಿ ಉರುಳಿಸಬೇಕೆಂದು ದೊಡ್ಡ ಔಷಧ ಕಂಪನಿಯೊಂದರ ವಕೀಲ ಓಸ್ಟೆನ್‌ಡಾರ್ಫ್ ನಮ್ಮ ವೀಬ್ಕೆಯನ್ನು ಹುಡುಕಾಟಕ್ಕೆ ಇಳಿಸಿದ್ದಾನೆ.

ಉರುಳಿಸುವುದಕ್ಕೆ ಬೇಕಾದದ್ದು ಒಂದೇ. ಅರ್ಜಿ ಹಾಕುವ ಮುಂಚೆಯೇ ಆ ಗುಟ್ಟು ಎಲ್ಲಾದರೂ ಬಯಲಾಗಿತ್ತು ಎನ್ನುವುದಕ್ಕೆ ಪುರಾವೆ. ನೂರು ಜನ ನೋಡಿರಬೇಕಿಲ್ಲ. ದಾರಿಯಲ್ಲಿ ಹೋಗುವ ಯಾರಾದರೂ ನೋಡಬಹುದಾಗಿತ್ತು, ನೋಡಿದರೆ ತಿಳಿಯುವಂತಿತ್ತು ಎಂದರೆ ಸಾಕು. ಯುರೋಪಿನಲ್ಲಿ ಈ ವಿಷಯಕ್ಕೆ ಕ್ಷಮೆಯೇ ಇಲ್ಲ. ಗುಟ್ಟು ನಿಮ್ಮದೇ ಆಗಿರಲಿ, ನೀವೇ ಬಾಯಿ ಬಿಟ್ಟಿರಲಿ, ಮುಗಿಯಿತು.

ಆದರೆ ಲಾಸ್ಕಿ ಬಲು ಎಚ್ಚರದ ಆಸಾಮಿ. ಈ ಗುಟ್ಟು ಹುಟ್ಟಿದ್ದು ಅವನ ಶಿಷ್ಯೆ ಇಮ್ಕೆ ರೌಟೆನ್‌ಬರ್ಗ್ ಎಂಬವಳ ತಲೆಯಲ್ಲಿ, ಆರು ವರ್ಷದ ಹಿಂದೆ. ಅವಳ ಪ್ರಬಂಧಕ್ಕೆ ಬೀಗ ಬಿತ್ತು. ಅವಳ ಪರೀಕ್ಷೆ ಮುಚ್ಚಿದ ಬಾಗಿಲ ಹಿಂದೆ ನಡೆಯಿತು. ಒಳಗೆ ಕೂತವರೆಲ್ಲ ಗುಟ್ಟು ಕಾಯುತ್ತೇವೆಂದು ಸಹಿ ಹಾಕಿದರು. ಅದು ಶುಕ್ರವಾರ. ಪೇಟೆಂಟ್ ಅರ್ಜಿ ಹೋದದ್ದು ಮರು ಸೋಮವಾರ. ನಡುವೆ ಒಂದು ಸೊಳ್ಳೆಯೂ ನುಸುಳುವಂತಿರಲಿಲ್ಲ.

ವೀಬ್ಕೆ ಹದಿನೈದು ದಿನ ತಡಕಾಡಿ ಸೋತು ಕೂತಿದ್ದಾಗ ಓಸ್ಟೆನ್‌ಡಾರ್ಫ್ ಫೋನಿನಲ್ಲಿ ಹಾಗೇ ಸುಮ್ಮನೆ ಕೇಳಿದ್ದ: "ಆ ಊರಲ್ಲಿ ಪರೀಕ್ಷೆ ಮುಗಿದ್ಮೇಲೆ ಏನೋ ಮೆರವಣಿಗೆ ಮಾಡ್ತಾರಂತಲ್ಲ?"

ಅವಳಿಗೆ ತಟ್ಟನೆ ಹೊಳೆದದ್ದು ಆಗಲೇ. ಪ್ರಬಂಧಕ್ಕೆ ಬೀಗ ಹಾಕಿದರು, ಬಾಗಿಲಿಗೆ ಬೀಗ ಹಾಕಿದರು. ಟೋಪಿಗೆ?

ಈಗ ಅವಳು ಇಮ್ಕೆಯ ಟೋಪಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಕುರ್ಚಿಯಿಂದ ಇಳಿದು, ಮಗುವನ್ನು ಇಳಿಸುವಷ್ಟು ಜೋಪಾನವಾಗಿ ಮೇಜಿನ ಮೇಲಿಟ್ಟಳು. ಅಂಚಿನಲ್ಲಿ ಬೆಳ್ಳಿ ಬಣ್ಣದಲ್ಲಿ ಬರೆದಿತ್ತು: ಡಾಕ್ಟರ್ ಇಮ್ಕೆ.

"ನನ್ನ ಅತ್ಯುತ್ತಮ ಕೆಲಸ ಅದು," ಎಂದ ಟೀಲೊ. ಹೆಮ್ಮೆ ತಡೆಯಲಾಗಲಿಲ್ಲ ಅವನಿಗೆ. ಆಮೇಲೆ ಪ್ರೊಫೆಸರರ ಈಮೇಲ್ ನೆನಪಾಗಿ ಬಾಯಿ ಮುಚ್ಚಿಕೊಂಡ.

ಟೋಪಿಯ ಮೇಲೊಂದು ಗೋಡೆ. ಕಾಫಿಗೆ ಹಾಕುವ ಸಕ್ಕರೆ ಚೌಕಗಳನ್ನು ಒತ್ತೊತ್ತಾಗಿ ಜೋಡಿಸಿ, ಇರುವೆ ಮುತ್ತದಂತೆ ಉಗುರುಬಣ್ಣ ಬಳಿದದ್ದು. ಗೋಡೆಯ ಒಳಬದಿಗೆ ಒಂದು ಅಕ್ರೋಟು. ಮಿದುಳು ಎಂದು ಬೇರೆ ಹೇಳಬೇಕಿರಲಿಲ್ಲ, ಅಕ್ರೋಟು ಇರುವುದೇ ಹಾಗೆ. ಗೋಡೆಗೆ ಬೆಂಕಿಪೊಟ್ಟಣದ ಒಂದು ಬಾಗಿಲು.

ಈ ಗೋಡೆ ನಿಮ್ಮ ತಲೆಯಲ್ಲೂ ಇದೆ, ನನ್ನ ತಲೆಯಲ್ಲೂ ಇದೆ. ರಕ್ತದಲ್ಲಿ ಬರುವ ಕಂಡಕಂಡದ್ದೆಲ್ಲ ಮಿದುಳಿಗೆ ನುಗ್ಗದಂತೆ ಕಾಯುವ ತಡೆಗೋಡೆ. ಒಳ್ಳೆಯ ಕಾವಲು, ಆದರೆ ಅದಕ್ಕೆ ವಿಷ ಯಾವುದು, ಔಷಧ ಯಾವುದು ಎಂಬ ವ್ಯತ್ಯಾಸ ಗೊತ್ತಿಲ್ಲ. ಔಷಧವನ್ನೂ ಹೊರಗೇ ನಿಲ್ಲಿಸುತ್ತದೆ. ಮಿದುಳಿಗೆ ಬೇಕಾದ ಕಬ್ಬಿಣಕ್ಕೆ ಮಾತ್ರ ಬೇರೆಯದೇ ಬಾಗಿಲು, ಅಲ್ಲಿ ಕೈಹಿಡಿದು ಒಳಗೆ ಕರೆದೊಯ್ಯುವ ಕಾವಲುಗಾರರು. ಆ ಕಾವಲುಗಾರರ ಕೈ ಹಿಡಿಯಬಲ್ಲ ಒಂದು ಕೂಲಿಯಾಳಿನ ಬೆನ್ನಿಗೆ ಔಷಧ ಕಟ್ಟಿ ಕಳಿಸಿದರೆ? ಇದು ಬಹಳ ಜನಕ್ಕೆ ಹೊಳೆದದ್ದೇ. ಆದರೆ ಹೋದ ಕೂಲಿಗಳು ಒಳಗೆ ತಲುಪುತ್ತಿರಲಿಲ್ಲ.

ಟೋಪಿಯ ಮೇಲೂ ಹಾಗೆಯೇ. ಬೆನ್ನ ಮೇಲೆ ಮೂಟೆ ಹೊತ್ತ ಪ್ಲಾಸ್ಟಿಕ್ ಗೊಂಬೆಗಳು ಎರಡೂ ಕೈ ಚಾಚಿ ಬಾಗಿಲ ಎರಡೂ ಪಕ್ಕ ಹಿಡಿದುಕೊಂಡು, ಅಡ್ಡಡ್ಡಲಾಗಿ ಸಿಕ್ಕಿಕೊಂಡಿದ್ದವು. ಒಂದು ಗೊಂಬೆಯಂತೂ ತಲೆಕೆಳಗಾಗಿ ಸೋಡಾ ಬಾಟಲಿಯ ಮುಚ್ಚಳದಲ್ಲಿ ಬಿದ್ದಿತ್ತು. ಮುಚ್ಚಳದ ಮೇಲೆ ಪುಟ್ಟ ಅಕ್ಷರದಲ್ಲಿ 'ಕಸ' ಎಂದು ಬರೆದಿತ್ತು.

"ಪಾಪ, ಎಲ್ಲ ಹೊರಗೇ ಉಳಿದ್ವಲ್ಲ," ಎಂದಳು ವೀಬ್ಕೆ. "ಒಳಗೆ ಹೋದೋನು ಯಾರೂ ಇಲ್ವಾ?"

ಟೀಲೊ ಕಾಫಿ ಸುರಿಯುವುದರಲ್ಲಿ ಮುಳುಗಿಹೋಗಿದ್ದ. ಬಟ್ಟಲು ತುಂಬಿ ತಟ್ಟೆಗೆ ಚೆಲ್ಲಿತು.

ಅವಳು ಬಗ್ಗಿ ನೋಡಿದಳು. ಟೋಪಿಯ ಮೇಲೆಲ್ಲ ವರ್ಷಗಳ ಧೂಳು, ಬೂದುಬಣ್ಣದ ಹತ್ತಿಯಂತೆ. ಅಕ್ರೋಟಿನ ಪಕ್ಕದಲ್ಲಿ ಮಾತ್ರ, ಉಗುರಿನಷ್ಟು ಜಾಗದಲ್ಲಿ, ರಟ್ಟು ಹೊಸದರಂತೆ ಕಪ್ಪಗೆ ಹೊಳೆಯುತ್ತಿತ್ತು. ನಡುವೆ ಒಣಗಿದ ಅಂಟಿನ ಗುಡ್ಡೆ. ಅಂಟಿನಲ್ಲಿ ಎರಡು ಪುಟಾಣಿ ಪಾದದ ಗುರುತು.

ಯಾರೋ ನಿಂತಿದ್ದ. ಇತ್ತೀಚೆಗೆ ಅವನನ್ನು ಕಿತ್ತಿದ್ದಾರೆ.

ವೀಬ್ಕೆಯ ಬೆನ್ನುಹುರಿಯಲ್ಲಿ ಆ ಹಳೆಯ ಕಚಗುಳಿ ಎದ್ದಿತು. ಇದಕ್ಕಾಗಿಯೇ ಅವಳು ಈ ಕೆಲಸ ಬಿಡುವುದಿಲ್ಲ. ಅವಳು ಟೋಪಿಯನ್ನು ಬೆಳಕಿಗೆ ಹಿಡಿದು ಸುತ್ತ ತಿರುಗಿಸಿದಳು. ಬಾಗಿಲು ನೋಡಿದಳು, ಗೋಡೆಯ ಹಿಂದೆ ನೋಡಿದಳು, ಕೊನೆಗೆ ಕಸದ ಮುಚ್ಚಳದಲ್ಲಿ ಬಿದ್ದಿದ್ದ ಗೊಂಬೆಯ ಕೆಳಗೆ ಚಿಮುಟ ತೂರಿಸಿದಳು.

ಅಲ್ಲಿತ್ತು. ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ಹಳದಿ ತೋಳಿನ ಒಂದು ಕೈ. ಭುಜದ ಬಳಿ ಚಾಕುವಿನಲ್ಲಿ ಕೊಯ್ದದ್ದು.

ಅಲ್ಲಿದ್ದ ಗೊಂಬೆಗಳನ್ನೆಲ್ಲ ಮತ್ತೊಮ್ಮೆ ಎಣಿಸಿದಳು. ಎಲ್ಲಕ್ಕೂ ಎರಡೆರಡು ಕೈ ಇದ್ದವು.

"ಹೆರ್ ಬ್ರಾಂಡೆಸ್," ಆ ಕೈಯನ್ನು ಟೀಲೊನ ಕಾಫಿ ತಟ್ಟೆಯ ಪಕ್ಕದಲ್ಲಿಟ್ಟಳು. "ಇದು ಯಾರ ಕೈ?"

ಟೀಲೊನ ಕಿವಿಗಳು ಟೊಮೇಟೊ ಆದವು.

ಇಡೀ ಪೇಟೆಂಟ್ ಅಲ್ಲೇ ಇತ್ತು ನೋಡಿ. ಎರಡು ಕೈಯಿದ್ದ ಕೂಲಿ ಇಬ್ಬರು ಕಾವಲುಗಾರರನ್ನು ಒಟ್ಟಿಗೆ ಹಿಡಿದು ಬಾಗಿಲಲ್ಲಿ ಸಿಕ್ಕಿಬೀಳುತ್ತಾನೆ, ಅವನನ್ನು ಎಳೆದು ಕಸಕ್ಕೆ ಹಾಕುತ್ತಾರೆ. ಒಂದು ಕೈ ತೆಗೆದುಬಿಡಿ, ಒಬ್ಬನನ್ನೇ ಹಿಡಿದು, ದಾಟಿ, ಬಿಟ್ಟು, ಒಳಗೆ ಹೋಗುತ್ತಾನೆ. ಎಲ್ಲರೂ ಹಿಡಿತ ಬಿಗಿ ಮಾಡಲು ಒದ್ದಾಡುತ್ತಿದ್ದಾಗ ಇಮ್ಕೆ ಹಿಡಿತ ಸಡಿಲಿಸಿದಳು. ಪೇಟೆಂಟಿನಲ್ಲಿ ಅದನ್ನು ಹೇಳಲು ಮೂವತ್ತು ಪುಟ ಬೇಕಾಯಿತು. ಟೀಲೊಗೆ ಒಂದು ಚಾಕು ಸಾಕಾಯಿತು.

"ನಾವ್ಯಾರೂ ಬಾಯಿ ಬಿಡ್ಲಿಲ್ಲ," ಎಂದ ಟೀಲೊ, ಮೆಲ್ಲಗೆ. "ಸಹಿ ಹಾಕಿದ್ವಲ್ಲ, ಅಕ್ಷರಶಃ ಪಾಲಿಸಿದ್ವಿ. ಟೋಪಿ ಮಾಡೋಕೆ ಸಹಿ ಬೇಕು ಅಂತ ಯಾರಿಗ್ರೀ ಹೊಳೀತು? ಪರೀಕ್ಷೆ ಮುಗೀತು, ತಲೆ ಮೇಲೆ ಟೋಪಿ ಇಟ್ವಿ, ಕೈಗಾಡಿಲಿ ಕೂರಿಸಿದ್ವಿ, ಊರೆಲ್ಲ ಎಳ್ಕೊಂಡು ಮಾರ್ಕೆಟ್ಟಿಗೆ ಹೋದ್ವಿ. ಎಲ್ಲರೂ ಹೋಗ್ತಾರೆ. ಕಾರಂಜಿ ಹತ್ತಿ ಹೆಬ್ಬಾತು ಹುಡುಗಿ ಪ್ರತಿಮೆಗೆ ಮುತ್ತು ಕೊಡದೆ ಈ ಊರಲ್ಲಿ ಯಾರ್ ಡಾಕ್ಟರ್ ಆಗಿದಾರೆ?"

"ಪ್ರೊಫೆಸರೂ ಬಂದಿದ್ರಾ?"

"ಗಾಡಿ ಮುಂದೆ ಅವರೇ! ಗಂಟೆ ಬಾರಿಸ್ತಾ."

ಪ್ರಬಂಧವನ್ನು ತಿಜೋರಿಯಲ್ಲಿಟ್ಟು, ಅದೇ ಗುಟ್ಟನ್ನು ಶಿಷ್ಯೆಯ ತಲೆಯ ಮೇಲಿಟ್ಟು, ಗಂಟೆ ಬಾರಿಸುತ್ತಾ ಪೇಟೆಬೀದಿಯಲ್ಲಿ ಮೆರವಣಿಗೆ! ವೀಬ್ಕೆಗೆ ನಗು ಬಂತು, ನಗಲಿಲ್ಲ.

"ಈ ಕೈ ನಾನು ತಗೊಂಡು ಹೋಗ್ಲಾ?"

"ನಾನು ಬೇಡ ಅಂದ್ರೆ ಬಿಡ್ತೀರಾ?" ಟೀಲೊ ಕಿಟಕಿಯ ಕಡೆ ತಿರುಗಿದ. "ಕೇಳಿದ್ರೆ ನಾನು ಸುಳ್ಳು ಹೇಳಲ್ಲ. ಹೇಳೋಕೂ ಬರಲ್ಲ. ಗೊಂಬೆ ತೆಗೆದದ್ದು ನಾನಲ್ಲ. ಮಧ್ಯಾಹ್ನ ಇಮ್ಕೆ ಮಾರ್ಕೆಟ್ಟಲ್ಲಿ ಇರ್ತಾಳೆ, ಮೀನಿನ ಬನ್ನು ತಿಂತಾ. ಪಾಪ, ಜೋರು ಮಾಡ್ಬೇಡಿ ಅವಳಿಗೆ."

*

ಇಮ್ಕೆ ರೌಟೆನ್‌ಬರ್ಗ್ ಕಾರಂಜಿಯ ಮೆಟ್ಟಿಲ ಮೇಲೆ ಕೂತಿದ್ದಳು. ಈಗ ಅವಳು ಲಾಸ್ಕಿಯ ಕಂಪನಿಯಲ್ಲಿ ಔಷಧ ತಯಾರಿಕೆಯ ಮುಖ್ಯಸ್ಥೆ. ಮೇಲೆ ಹೆಬ್ಬಾತು ಹುಡುಗಿಯ ಕಂಚಿನ ಕೈಯಲ್ಲಿ ಇವತ್ತು ಬೆಳಿಗ್ಗೆ ಯಾರೋ ಡಾಕ್ಟರ್ ಆದವರು ಇಟ್ಟ ಹೂವು ಬಾಡುತ್ತಿತ್ತು.

ವೀಬ್ಕೆ ಪಕ್ಕದಲ್ಲಿ ಕೂತು ಅಂಗೈ ಬಿಚ್ಚಿದಳು.

ಇಮ್ಕೆ ಆ ಹಳದಿ ಕೈಯನ್ನು ನೋಡಿದಳು. ಅಗಿಯುವುದನ್ನು ನಿಲ್ಲಿಸಿದಳು.

"ಕಸದ ಡಬ್ಬಿ ನೋಡ್ಲೇ ಇಲ್ಲ ನಾನು," ಎಂದಳು. "ಥೂ! ಎಂಥಾ ವಿಜ್ಞಾನಿ ನಾನು."

"ಗೊಂಬೆ ನಿಮ್ಮ ಹತ್ರ ಇದೆ."

"ಇದೆ." ಅವಳು ಜಾಕೆಟ್ಟಿನ ಜೇಬು ಮುಟ್ಟಿಕೊಂಡಳು. "ನಿಮ್ಮ ಹೆಸರಿನ ಈಮೇಲ್ ಬಂತಲ್ಲ, ಆ ರಾತ್ರಿಯೆಲ್ಲ ನಿದ್ದೆ ಇಲ್ಲ. ಟೋಪಿ ನೆನಪಾಯ್ತು. ಅವತ್ತು ಇಲ್ಲೇ, ಬಿಳಿ ಆಸ್ಪರಾಗಸ್ ಮಾರ್ತಿದ್ದ ಹೆಂಗಸೊಬ್ಳು ಕೇಳಿದ್ಲು, ಯಾಕಮ್ಮಾ ಅವನಿಗೆ ಒಂದೇ ಕೈ ಅಂತ. ನಾನು ಗಾಡಿಯಲ್ಲಿ ಎದ್ದು ನಿಂತು, ಕೈಯಲ್ಲಿ ಶಾಂಪೇನು ಹಿಡ್ಕೊಂಡು, ಸಂತೆಗೆಲ್ಲ ಕೇಳೋ ಹಾಗೆ ಭಾಷಣ ಮಾಡ್ದೆ. ಮೂರು ದಿನ ಬಾಯಿ ಮುಚ್ಕೊಂಡಿದ್ದಿದ್ರೆ ಸಾಕಿತ್ತು!"

"ಹಾಗಾದ್ರೆ ಪೇಟೆಂಟ್ ಹುಟ್ಟೋ ಮುಂಚೇನೇ ಸತ್ತಿತ್ತು."

"ಸತ್ತಿದೆ ಅಂತ ಗೊತ್ತಾದ್ರೆ ಅಲ್ವಾ?" ಇಮ್ಕೆ ಅವಳತ್ತ ತಿರುಗಿದಳು. "ಬೆಂಟೆ ಅಂತ ಒಂದು ಹುಡುಗಿ ಇದಾಳೆ, ಏಳು ವರ್ಷ. ಮಿದುಳಲ್ಲಿ ಕಸ ತುಂಬ್ತಾ ಹೋಗೋ ಕಾಯಿಲೆ. ಮಾತು ನಿಂತೇಹೋಗಿತ್ತು. ನಮ್ಮ ಔಷಧ ಶುರು ಮಾಡಿದ್ಮೇಲೆ ಹೋದ ತಿಂಗಳು ಅವಳ ನಾಯೀನ ಹೆಸರು ಹಿಡಿದು ಕರೆದ್ಲು. ನಾಯಿಗೇ ನಂಬಿಕೆ ಬರ್ಲಿಲ್ಲ, ಬಾಗಿಲ ಕಡೆ ನೋಡ್ತಿತ್ತಂತೆ. ಔಷಧ ಕ್ರಿಸ್‌ಮಸ್‌ವರೆಗೆ ಇದೆ. ಮಂಗಳವಾರ ಪೇಟೆಂಟ್ ಬಿದ್ರೆ ಬುಧವಾರ ಬಂಡವಾಳದವರು ಎದ್ದು ಹೋಗ್ತಾರೆ. ಆಮೇಲೆ ತಯಾರಿಸೋರು ಯಾರು, ನೀವಾ?"

ಪಾರಿವಾಳವೊಂದು ಬನ್ನಿನ ಚೂರಿಗಾಗಿ ಇಬ್ಬರ ನಡುವೆ ಓಡಾಡಿತು.

"ಇಷ್ಟಾದ್ರೂ ಗೊಂಬೆ ಯಾಕೆ ಇಟ್ಕೊಂಡಿದೀರಿ?" ವೀಬ್ಕೆಗೆ ಕುತೂಹಲ ತಡೆಯಲಾಗಲಿಲ್ಲ. "ಲೈನೆ ನದಿ ಇಲ್ಲೇ ಹರಿಯುತ್ತೆ."

"ಸೇತುವೆವರೆಗೆ ಹೋಗಿದ್ದೆ. ಅಲ್ಲಿಂದ ಪ್ರೊಫೆಸರಿಗೆ ಫೋನ್ ಮಾಡಿ ಹೇಳ್ದೆ, ಹೀಗ್ಹೀಗೆ, ಎಸೀತಾ ಇದೀನಿ ಅಂತ. ಬೇಡ, ಎಸೀಬೇಡ, ಜೋಪಾನವಾಗಿ ಇಟ್ಕೋ ಅಂದ್ರು."

"ಎಸೀಬೇಡ ಅಂದ್ರಾ?"

"ಹೌದು. ನನಗೂ ವಿಚಿತ್ರ ಅನಿಸ್ತು. ಭಾವುಕರಾಗಿದಾರೇನೋ ಅಂದ್ಕೊಂಡೆ."

"ಇನ್ಯಾರಿಗೆ ಹೇಳಿದೀರಿ?"

"ಇನ್ಯಾರಿಗೂ ಇಲ್ಲ. ಟೀಲೊಗೂ ಹೇಳಿಲ್ಲ. ಊಹೆ ಮಾಡಿರ್ತಾನೆ, ಅಷ್ಟೇ."

ಪೇಟೆಂಟ್ ಬಿದ್ದರೆ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವನು, ಅದನ್ನು ಬೀಳಿಸಬಲ್ಲ ಒಂದೇ ಪುರಾವೆಯನ್ನು ಕಾಪಾಡು ಎನ್ನುತ್ತಾನೆ. ವೀಬ್ಕೆ ಆ ಮಾತನ್ನು ತಲೆಯಲ್ಲಿ ತಿರುಗಿಸಿ ನೋಡುತ್ತಿದ್ದಾಗ ಅವಳ ಫೋನ್ ಬಡಿದುಕೊಂಡಿತು. ಓಸ್ಟೆನ್‌ಡಾರ್ಫ್.

"ಏನಾದ್ರೂ ಸಿಕ್ತಾ ಫ್ರೌ ತಾಮ್ಮೆನ್?"

"ಟೋಪಿ ಸಿಕ್ತು," ಎಂದಳು. ಅಷ್ಟೇ ಎಂದಳು.

"ಭೇಷ್! ಫೋಟೊ ತೆಗೀಬೇಡಿ, ಯಾರಿಗೂ ಕಳಿಸ್ಬೇಡಿ. ಸೀದಾ ನನ್ನ ಕೈಗೆ ತಂದ್ಕೊಡಿ. ಮಂಗಳವಾರ ನೀವು ಮ್ಯೂನಿಕ್‌ಗೆ ಬರೋದೂ ಬೇಡ. ನಾವು ಆಕ್ಷೇಪಣೆ ವಾಪಸ್ ತಗೋತಿದೀವಿ."

"ವಾಪಸ್ಸಾ? ಗೆಲ್ಲೋ ಹೊತ್ತಲ್ಲಿ?"

"ಅದು ನಮ್ಮ ಕಕ್ಷಿದಾರರ ಯೋಚನೆ, ನಿಮ್ಮದಲ್ಲ." ನಗುತ್ತಿದ್ದ ಮನುಷ್ಯ. "ಅಂದ ಹಾಗೆ, ಆ ಹುಡುಗಿ ಜೋಪಾನ ಮಾಡಿಟ್ಕೊಂಡಿರೋ ಒಂಟಿಗೈ ಗೊಂಬೇನೂ ಹೇಗಾದ್ರೂ ಇಸ್ಕೊಂಡ್ಬನ್ನಿ. ಅದಿಲ್ದೆ ಟೋಪಿಗೆ ಬೆಲೆ ಇಲ್ಲ."

ಫೋನ್ ಕಟ್ ಆಯಿತು.

ವೀಬ್ಕೆ ಗೊಂಬೆಯ ವಿಷಯ ಅವನಿಗೆ ಹೇಳಿಯೇ ಇರಲಿಲ್ಲ. ಅದಕ್ಕೆ ಒಂದೇ ಕೈ ಎಂದು ಅವಳಿಗೇ ಗೊತ್ತಾಗಿ ಗಂಟೆಯೂ ಆಗಿರಲಿಲ್ಲ.

ಅವಳು ಒಂದಕ್ಷರ ಬಿಡದೆ ಇಮ್ಕೆಗೆ ಹೇಳಿದಳು. ಅವಳು ಕಕ್ಷಿದಾರರ ಮಾತನ್ನು ಹೊರಗೆ ಹೇಳುವಂತಿಲ್ಲ. ಆದರೂ ಹೇಳಿದಳು.

ಇಮ್ಕೆಯ ಕೈ ಜಾಕೆಟ್ಟಿನ ಜೇಬಿಗೆ ಹೋಯಿತು. "ಜೋಪಾನ ಅಂದ್ರಾ? ಅದೇ ಪದಾನಾ?"

"ನೀವು ಹೇಳಿದ್ದು ಒಬ್ರಿಗೇ."

"ಒಬ್ರಿಗೇ." ಇಮ್ಕೆ ಬನ್ನನ್ನು ಮೆಟ್ಟಿಲ ಮೇಲಿಟ್ಟಳು. ಪಾರಿವಾಳ ಅದನ್ನು ಎಳೆದುಕೊಂಡು ಹೋಯಿತು, ಅವಳು ನೋಡಲೂ ಇಲ್ಲ. "ಕಂಪನಿ ಮಾರೋಣ ಅಂತ ಎರಡು ಸಲ ಕೇಳಿದ್ರು ಪ್ರೊಫೆಸರ್. ಇದೇ ನಿಮ್ಮ ದೊಡ್ಡ ಕಂಪನೀಗೆ. ಅಲ್ಲಿ ನಿರ್ದೇಶಕರ ಕುರ್ಚಿ ಕೊಡ್ತಾರಂತೆ ಅವರಿಗೆ. ನಾನೂ ಒಪ್ಲಿಲ್ಲ, ಆಸ್ಪತ್ರೆ ಟ್ರಸ್ಟಿನವರೂ ಒಪ್ಲಿಲ್ಲ. ನಮ್ಮದು ಮೂರರಲ್ಲಿ ಎರಡು ಪಾಲು."

"ಈಗ ಗೊಂಬೆ ತೋರಿಸಿ ಹೆದರಿಸ್ತಾರೆ. ಪೇಟೆಂಟ್ ಹೇಗೂ ಬೀಳುತ್ತೆ, ಸಿಕ್ಕಷ್ಟಕ್ಕೆ ಮಾರಿ ಅಂತ."

"ಮಾರಿದ ಮೇಲೆ ಗೊಂಬೆ ಆ ದೊಡ್ಡ ಕಂಪನಿಯವರ ಡ್ರಾಯರಲ್ಲಿ. ಪೇಟೆಂಟ್ ಗಟ್ಟಿಮುಟ್ಟಾಗಿ ಅವರ ಹೆಸರಲ್ಲಿ." ಇಮ್ಕೆ ತನ್ನ ನೆತ್ತಿಗೆ ಬೆರಳು ಒತ್ತಿ ತೋರಿಸಿದಳು. "ಇದೇ ಕಾಯಿಲೆಗೆ ಅವರ ಔಷಧ ಹೇಗೆ ಕೊಡ್ತಾರೆ ಗೊತ್ತಾ ನಿಮಗೆ? ತಲೆಬುರುಡೇಲಿ ತೂತು ಮಾಡಿ, ಹದಿನೈದು ದಿನಕ್ಕೊಂದ್ಸಲ. ಚೆನ್ನಾಗಿ ಓಡ್ತಿದೆ ಅದು. ನಮ್ಮದು ತೋಳಿಗೆ ಚುಚ್ಚಿದ್ರೆ ಸಾಕು. ಇದನ್ನ ಅವರು ಮಾರ್ತಾರಾ? ಬೀಗ ಹಾಕಿ ಇಡ್ತಾರೆ, ಪೇಟೆಂಟಿನ ಇಪ್ಪತ್ತು ವರ್ಷ ತುಂಬೋವರೆಗೆ."

ವೀಬ್ಕೆಗೆ ಈಗ ಇನ್ನೊಂದು ಮಾತು ನೆನಪಾಗಿ ಮೈಯೆಲ್ಲ ಬಿಸಿಯಾಯಿತು. 'ಆ ಊರಲ್ಲಿ ಏನೋ ಮೆರವಣಿಗೆ ಮಾಡ್ತಾರಂತಲ್ಲ?' ತನಗೇ ಹೊಳೆಯಿತೆಂದು ಬೀಗಿದ್ದ ಯೋಚನೆ. ಅದನ್ನು ಅವಳ ಕಿವಿಗೆ ಹಾಕಿದ್ದರು. ಪ್ರೊಫೆಸರ್ ತನ್ನ ಪೇಟೆಂಟಿನ ವಿರುದ್ಧ ತಾನೇ ಸಾಕ್ಷಿ ಕೊಡುವಂತಿಲ್ಲ. ಹೊರಗಿನವಳೊಬ್ಬಳು ಹುಡುಕಿ ತೆಗೆದಂತೆ ಕಾಣಬೇಕಿತ್ತು. ಬಾಯಿ ಬಿಡಬೇಡಿ ಎನ್ನುವ ಆ ಈಮೇಲೂ ಅಷ್ಟೇ, ಎಲ್ಲರಿಗೂ ಟೋಪಿಯ ನೆನಪಾಗಲೆಂದು.

"ನಾನೇ ಎರಡು ಕೈಯ ಕೂಲಿ ಆದೆ ನೋಡಿ," ಎಂದಳು. "ಒಂದು ಕೈ ಅವರಿಬ್ರಲ್ಲಿ ಒಬ್ರು ಹಿಡ್ಕೊಂಡಿದ್ರು, ಇನ್ನೊಂದು ಇನ್ನೊಬ್ರು."

ಇಮ್ಕೆ ಎದ್ದು, ಚೌಕದ ಮೂಲೆಯಲ್ಲಿದ್ದ ಹಳದಿ ಅಂಚೆಪೆಟ್ಟಿಗೆಯವರೆಗೆ ನಡೆದಳು. ಜೇಬಿನಿಂದ ಗೊಂಬೆ ತೆಗೆದು ಪೆಟ್ಟಿಗೆಯ ನೆತ್ತಿಯ ಮೇಲೆ ನಿಲ್ಲಿಸಿದಳು. ಬೆನ್ನ ಮೇಲೆ ಮೂಟೆ, ಒಂದೇ ಕೈ, ಮುಖದ ತುಂಬ ನಗು. ವೀಬ್ಕೆ ಹಿಂದೆಯೇ ಬಂದು ಕತ್ತರಿಸಿದ ಕೈಯನ್ನು ಪಕ್ಕದಲ್ಲಿಟ್ಟಳು. ಭುಜದ ಗಾಯಕ್ಕೂ ಇದಕ್ಕೂ ಸರಿಯಾಗಿ ಹೊಂದುತ್ತಿತ್ತು.

"ಮ್ಯೂನಿಕ್ ಕಚೇರಿಗೆ ಯಾರು ಬೇಕಾದ್ರೂ ಕಳಿಸ್ಬಹುದು," ಎಂದಳು ವೀಬ್ಕೆ. "ಹೆಸರು ಬರೀಬೇಕು ಅಂತಾನೂ ಇಲ್ಲ. ಕಳಿಸಿದ್ರೆ ಪೇಟೆಂಟ್ ಬೀಳುತ್ತೆ. ಯಾರೂ ಬೀಗ ಹಾಕೋಕಾಗಲ್ಲ. ಯಾವ ಆಸ್ಪತ್ರೆ ಬೇಕಾದ್ರೂ ತಯಾರಿಸ್ಬಹುದು."

"ಯಾವಾಗ? ಯಾರ ದುಡ್ಡಲ್ಲಿ? ಬೆಂಟೆ ಅಲ್ಲಿವರೆಗೆ ಕಾಯ್ತಾಳಾ?"

"ನದಿಗೆ ಹಾಕಿದ್ರೆ ಕಂಪನಿ ನಿಮ್ಮದೇ ಇರುತ್ತೆ. ಆದ್ರೆ ಲಾಸ್ಕಿಗೆ ಗೊತ್ತು, ಓಸ್ಟೆನ್‌ಡಾರ್ಫ್‌ಗೆ ಗೊತ್ತು. ಒಂದಲ್ಲ ಒಂದು ದಿನ ಟೀಲೊನ ಕರೆಸಿ ಕೇಳ್ತಾರೆ, ಅವನ ಕಿವಿ ಕೆಂಪಾಗುತ್ತೆ."

"ನೀವು ನಿಮ್ಮ ವಕೀಲರಿಗೆ ಕೊಟ್ರೆ ನಿಮ್ಮ ಕೆಲಸ ಉಳಿಯುತ್ತೆ."

"ಹೌದು. ಸಿಕ್ಕಿದ್ದೆಲ್ಲ ಅವರದ್ದು ಅಂತ ಸಹಿ ಹಾಕಿದೀನಿ. ಬೇರೆಯೋರಿಗೆ ಕೊಟ್ರೆ ಈ ಕಸುಬಲ್ಲಿ ನನ್ನನ್ನ ಯಾರೂ ಕರೆಯಲ್ಲ."

ಇಮ್ಕೆ ಕೈಚೀಲದಿಂದ ಒಂದು ದಪ್ಪ ಲಕೋಟೆ ತೆಗೆದಳು. ಮ್ಯೂನಿಕ್‌ನ ವಿಳಾಸ ಆಗಲೇ ಬರೆದಿತ್ತು, ಅಂಚೆಚೀಟಿಯೂ ಇತ್ತು. ಅಂಚುಗಳು ಸವೆದು ಮೆತ್ತಗಾಗಿದ್ದವು.

"ಒಂದು ವಾರದಿಂದ ಹೊತ್ಕೊಂಡು ತಿರುಗ್ತಿದೀನಿ," ಎಂದಳು. "ಹಾಕೋಕೂ ಆಗ್ತಿಲ್ಲ, ಹರಿಯೋಕೂ ಆಗ್ತಿಲ್ಲ. ಬೆಂಟೆ ಮುಖ ನೋಡಿದೀನಿ ನಾನು, ತೀರ್ಮಾನ ನನ್ನಿಂದಾಗಲ್ಲ. ನೀವು ನೋಡಿಲ್ಲ. ನೀವೇ ಹೇಳಿ."

ಲಕೋಟೆ ವೀಬ್ಕೆಯ ಕೈಗೆ ಬಂತು. ಅಷ್ಟರಲ್ಲಿ ಇಮ್ಕೆ ಅವಳ ತೋಳನ್ನು ಗಟ್ಟಿಯಾಗಿ ಹಿಡಿದಳು.

ಚೌಕದ ಆ ತುದಿಯಿಂದ, ತರಕಾರಿ ಅಂಗಡಿಗಳ ನಡುವೆ ಸೈಕಲ್ ತಳ್ಳಿಕೊಂಡು, ತಿಳಿನೀಲಿ ಅಂಗಿಯ ಎತ್ತರದ ಮನುಷ್ಯನೊಬ್ಬ ಇವರತ್ತಲೇ ಬರುತ್ತಿದ್ದ. ಪ್ರೊಫೆಸರ್ ಲಾಸ್ಕಿ. ನಗುತ್ತಿದ್ದ. ಇಮ್ಕೆಯನ್ನು ಕಂಡು ಸೈಕಲ್ಲಿನ ಗಂಟೆ ಬಾರಿಸಿದ, ಆರು ವರ್ಷದ ಹಿಂದೆ ಗಾಡಿಯ ಮುಂದೆ ಬಾರಿಸಿದಂತೆಯೇ.

ವೀಬ್ಕೆ ಒಂದು ಕೈಯಲ್ಲಿ ಲಕೋಟೆಯ ಬಾಯಿ ತೆರೆದಳು. ಇನ್ನೊಂದು ಕೈ ಗೊಂಬೆಯ ಮೇಲಿತ್ತು. ಬಲಕ್ಕೆ ಅಂಚೆಪೆಟ್ಟಿಗೆ, ಬೆನ್ನ ಹಿಂದೆ ನದಿಗೆ ಹೋಗುವ ಓಣಿ, ಎದುರಿಗೆ ಗಂಟೆ ಬಾರಿಸುತ್ತ ಬರುವ ಮನುಷ್ಯ. ಅವನು ಆಸ್ಪರಾಗಸ್ ಅಂಗಡಿ ದಾಟಿದ.

ಬೆಂಟೆಯ ಔಷಧ ಕ್ರಿಸ್‌ಮಸ್‌ವರೆಗೆ. ಇದನ್ನು ನೆನಪಿಟ್ಟುಕೊಂಡು ಹೇಳಿ, ಅವಳ ಜಾಗದಲ್ಲಿ ನೀವಿದ್ದಿದ್ದರೆ ಆ ಒಂಟಿಗೈ ಗೊಂಬೆಯನ್ನು ಏನು ಮಾಡುತ್ತಿದ್ದಿರಿ?